ನೀನೇ ಇಂಜಿನಿಯರ್ ಅಲ್ವೇನಪ್ಪಾ

"ನೀನೇ ಇಂಜಿನಿಯರ್ ಅಲ್ವೇನಪ್ಪಾ, ಸ್ವಲ್ಪ ನೋಡು" ಅಂತ ಸೋದರಮಾವ ಒಂದು ಹಾರ್ಡ್ ಡಿಸ್ಕನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. ಮಾವ ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ, ಮೂರು ಕಿಲೋಮೀಟರಿಗೂ ಆಳದ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಬಂಗಾರಪೇಟೆಗೆ ಬಂದರು. ಕ್ವಾರ್ಟರ್ಸಿನ ಫೋಟೋಗಳು, ತೀರಿಕೊಂಡ ಅತ್ತೆ ಹಬ್ಬದ ದಿನ ಹಾಡಿದ ವಿಡಿಯೋ, ಎಲ್ಲ ಆ ಡಿಸ್ಕಿನಲ್ಲೇ ಇತ್ತು. ಇನ್ನೊಂದು ಕಾಪಿ ಇರಲಿಲ್ಲ.

ಬೆಂಗಳೂರಿಗೆ ತಂದು ಪ್ಲಗ್ ಮಾಡಿದರೆ ಟಿಕ್ ಟಿಕ್ ಸದ್ದು. ಡೇಟಾ ರಿಕವರಿ ಮಾಡುವವರೊಬ್ಬರಿಗೆ ಫೋನ್ ಮಾಡಿದೆ. ಸುಮಾರು 40,000 ರೂಪಾಯಿ ಅಂದರು. ಮಾವ ಅಷ್ಟೆಲ್ಲ ಎಲ್ಲಿ ಕೊಡ್ತಾರೆ ಅಂದುಕೊಂಡೆ. ನಿಜ ಹೇಳಬೇಕಂದ್ರೆ, ನಾನು ಕೊಡೋಕೂ ಮನಸ್ಸಿರಲಿಲ್ಲ. ನಾನೇ ನೋಡ್ತೀನಿ, ಅದರಲ್ಲೇನಿದೆ?

ಅದರಲ್ಲಿ ಇರೋದಿಷ್ಟು. ಕನ್ನಡಿಯಂಥ ತಟ್ಟೆ ನಿಮಿಷಕ್ಕೆ 5400ರಿಂದ 7200 ಸುತ್ತು ತಿರುಗುತ್ತೆ. ಓದುವ ಹೆಡ್ ಅದಕ್ಕೆ ತಾಗದೆ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತೆ. ಧೂಳಿನ ಒಂದು ಕಣ ಅದಕ್ಕೆ ಬಂಡೆಗೆ ಸಮ. ಟಿಕ್ ಟಿಕ್ ಸದ್ದು ಬಂದರೆ ಹೆಚ್ಚಾಗಿ ಹೆಡ್ಡೇ ಕೆಟ್ಟಿದೆ ಅಂತರ್ಥ. ಆಗ ಮಾಡಬೇಕಾದ್ದು ಪವರ್ ತೆಗೆದು ಸುಮ್ಮನಿರೋದು. ಸದ್ದಿಲ್ಲದೆ ಅಲ್ಲಲ್ಲಿ ಮಾತ್ರ ಓದಲಾಗದಿದ್ದರೆ, ಡಿಡಿರೆಸ್ಕ್ಯೂ ಥರದ ಟೂಲಿನಿಂದ ಮೊದಲು ಪೂರ್ತಿ ಪ್ರತಿ ತೆಗೆದು, ಆ ಪ್ರತಿಯ ಮೇಲೆ ಪ್ರಯೋಗ ಮಾಡಬೇಕು.

ನಾನು ಎರಡೂ ಮಾಡಲಿಲ್ಲ. ಡಿಸ್ಕ್ ಒಮ್ಮೆ ಕಾಣಿಸಿಕೊಂಡಾಗ ಚೆಕ್‌ಡಿಸ್ಕ್ ಓಡಿಸಿದೆ. ಅದು ರಿಪೇರಿ ಹೆಸರಲ್ಲಿ ಅದೇ ಡಿಸ್ಕಿನ ಮೇಲೆ ಬರೆಯುತ್ತೆ. ಆಮೇಲೆ ಯಾರದೋ ಮಾತು ಕೇಳಿ ಫ್ರೀಜರಿನಲ್ಲಿಟ್ಟೆ. ಕೊನೆಗೆ ಒಂದು ಭಾನುವಾರ, ಊಟದ ಮೇಜಿನ ಮೇಲೆ, ಫ್ಯಾನಿನ ಕೆಳಗೆ, ಮುಚ್ಚಳ ಬಿಚ್ಚಿದೆ.

ಆಮೇಲೆ ರಿಕವರಿಯವರ ಹತ್ತಿರ ಹೋದೆ. ತಟ್ಟೆ ಮೇಲೆ ಬಳೆಯಂಥ ಗೀರುಗಳು. ಇನ್ನೇನೂ ಮಾಡೋಕಾಗಲ್ಲ ಅಂದರು. "ಯಾರು ಬಿಚ್ಚಿದ್ದು ಇದನ್ನ?" ಅಂತ ಕೇಳಿದರು.

"ಗೊತ್ತಿಲ್ಲ, ಹೀಗೇ ಕೊಟ್ರು" ಅಂದೆ. ತಪ್ಪನ್ನು ಮಾವನ ತಲೆಗೆ ಕಟ್ಟಿ ಎದ್ದು ಬಂದೆ.

ಪ್ರಯತ್ನ ಮಾಡೋದರಲ್ಲಿ ತಪ್ಪೇನು? ನಾನು ಬೆಳೆದದ್ದೇ ಆ ಮಾತಿನಲ್ಲಿ. ಊರಿನಲ್ಲಿ ಪಂಪ್‌ಸೆಟ್ಟಿಂದ ರೇಡಿಯೋವರೆಗೆ ನಾವೇ ಬಿಚ್ಚುತ್ತಿದ್ದೆವು. ಸರಿಹೋಗದಿದ್ದರೆ ಪೇಟೆಗೆ ಒಯ್ಯೋದು. ನಾವು ಸೋತರೂ ಮೆಕ್ಯಾನಿಕ್‌ಗೆ ಒಂದು ಅವಕಾಶ ಉಳಿದಿರುತ್ತಿತ್ತು. ಹಾರ್ಡ್ ಡಿಸ್ಕಿನಲ್ಲಿ ಹಾಗಲ್ಲ, ನನ್ನ ಪ್ರತಿ ಪ್ರಯತ್ನವೂ ಮುಂದಿನವನ ಅವಕಾಶವನ್ನು ತಿಂದುಹಾಕುತ್ತೆ. ಆಫೀಸಿನಲ್ಲಿ ಏನೇ ಕೆಡಿಸಿದರೂ ಹಿಂದಿನ ವರ್ಷನ್‌ಗೆ ಹೋಗಬಹುದು. ಆ ಅಭ್ಯಾಸ ಬಿದ್ದ ಕೈಗೆ, ವಾಪಸ್ ಬರದ ಕೆಲಸ ಯಾವುದು ಅಂತ ಗೊತ್ತಾಗಲ್ಲ.

ಕೆಜಿಎಫ್‌ನಲ್ಲಿ ಸಯನೈಡ್ ಗುಡ್ಡಗಳಿವೆ, ಚಿನ್ನ ತೆಗೆದು ಸುರಿದ ಪುಡಿಮಣ್ಣಿನ ರಾಶಿ. ಅದರಲ್ಲಿ ಇನ್ನೂ ಸ್ವಲ್ಪ ಚಿನ್ನ ಉಳಿದಿದೆ. ಅಂಥ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯೋ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿತು. ಸುಮ್ಮನೆ ಬಿಟ್ಟದ್ದು ಮುಂದೆ ಬರುವ ಜಾಣರಿಗಾಗಿ ಕಾಯಬಲ್ಲದು. ಮಾವನ ಡಿಸ್ಕನ್ನೂ ಟವೆಲ್ಲಿನಲ್ಲೇ ಬಿಟ್ಟಿದ್ದರೆ ಕಾಯುತ್ತಿತ್ತು.

ಮುಂದಿನ ವಾರ ರೈಲು ಹತ್ತಿ ಬಂಗಾರಪೇಟೆಗೆ ಹೋದೆ. "ಮೊದಲೇ ಹೋಗಿತ್ತು ಮಾವ" ಅನ್ನೋ ಮಾತು ದಾರಿಯುದ್ದಕ್ಕೂ ನಾಲಿಗೆ ತುದಿಯಲ್ಲಿತ್ತು. ಅದನ್ನು ಸುಳ್ಳು ಅಂತ ಯಾರೂ ತೋರಿಸೋಕಾಗುತ್ತಿರಲಿಲ್ಲ. ಮಾವ ಕಾಫಿ ತಂದುಕೊಟ್ಟು ಎದುರು ಕೂತಾಗ ನಡೆದದ್ದೆಲ್ಲ ಹೇಳಿಬಿಟ್ಟೆ, ಆ ಸುಳ್ಳನ್ನೂ ಸೇರಿಸಿ.

ಮಾವ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಲವತ್ತು ಸಾವಿರ ಅಂತ ಅವತ್ತೇ ಹೇಳಿದ್ದಿದ್ರೆ ಕೊಡ್ತಿದ್ನಲ್ಲಪ್ಪಾ. ನನ್ನ ಹತ್ರ ಇತ್ತು" ಅಂದರು.

ಬಿಚ್ಚಿದ್ದಕ್ಕಿಂತ ದೊಡ್ಡ ತಪ್ಪು ಅಲ್ಲಿತ್ತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅಂತಾರೆ. ನಾನು ದುಡ್ಡು ಉಳಿಸಲು ಹೋಗಿ ಮಾವನ ನೆನಪನ್ನೇ ಜಾತ್ರೆ ಮಾಡಿದ್ದೆ. ಅವರಿಗೆ ಎಷ್ಟು ಶಕ್ತಿ ಇದೆ, ಅತ್ತೆಯ ಹಾಡಿಗೆ ಎಷ್ಟು ಬೆಲೆ, ಎಷ್ಟು ಅಪಾಯ ತಗೊಳ್ಳಬಹುದು, ಎಲ್ಲವನ್ನೂ ಅವರನ್ನು ಕೇಳದೆ ನಾನೇ ತೀರ್ಮಾನಿಸಿದ್ದೆ. ಅದಕ್ಕೆ ಸಹಾಯ ಅಂತ ಹೆಸರಿಟ್ಟಿದ್ದೆ.

ಈಗಲೂ ಯಾರಾದರೂ ಡಿಸ್ಕ್ ತರುತ್ತಾರೆ. ನಾನು ಮುಟ್ಟಿದರೆ ಇರೋದೂ ಹೋಗಬಹುದು, ಗೊತ್ತಿರುವವರು ಇಷ್ಟು ಕೇಳ್ತಾರೆ, ತೀರ್ಮಾನ ನಿಮ್ಮದು ಅಂತ ಮೊದಲೇ ಹೇಳ್ತೀನಿ. ಇಂಜಿನಿಯರ್ ಆಗಿ ಇಷ್ಟೂ ಗೊತ್ತಾಗಲ್ವಾ ಅನ್ನೋ ಥರ ಕೆಲವರು ನೋಡ್ತಾರೆ. ನೋಡಲಿ.

ಮಾವ ಆ ಡಿಸ್ಕನ್ನು ಎಸೆದಿಲ್ಲ. ಅದೇ ಟವೆಲ್ಲಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದಾರೆ.