ಇನ್ನೊಬ್ಬರ ಮನೆಯ ಬೀಗದ ಕೈ

ಇದ್ದ ಕೆಲಸ ಬಿಟ್ಟು ಸೈಬರ್ ಸುರಕ್ಷೆಯ ಕ್ಷೇತ್ರಕ್ಕೆ ಹೋಗಬೇಕೆನ್ನುವವರು ಈಗ ನಮ್ಮ ನಡುವೆ ಅನೇಕರಿದ್ದಾರೆ. ಸಾಫ್ಟ್‌ವೇರ್ ಕಂಪೆನಿಯಲ್ಲಿ ಕೆಲಸ ಕಳೆದುಕೊಂಡವರು, ಬ್ಯಾಂಕಿನ ಗುಮಾಸ್ತರು, ಅರೆಸಂಬಳದ ಉಪನ್ಯಾಸಕರು, ಕೊಲ್ಲಿ ರಾಷ್ಟ್ರಗಳಿಂದ ಮರಳಿ ಬಂದವರು. ಆರು ತಿಂಗಳ ತರಬೇತಿ, ಆಮೇಲೆ ಕೈತುಂಬ ಸಂಬಳ ಎಂಬ ಜಾಹೀರಾತುಗಳಿಗೂ ಬರವಿಲ್ಲ. ನಲವತ್ತು ದಾಟಿದ ಮೇಲೆ ಕಲಿಯಲು ಸಾಧ್ಯವೇ, ಗಣಿತ ಬೇಕೇ, ಯಾವ ಸರ್ಟಿಫಿಕೇಟಿಗೆ ಬೆಲೆ ಹೆಚ್ಚು ಎಂದು ಇವರು ವಿಚಾರಿಸುತ್ತಾರೆ. ಮನೆ ನಡೆಸಬೇಕಾದವರು ಇವನ್ನು ಕೇಳಲೇಬೇಕು. ಆದರೆ ಈ ಕೆಲಸದ ತಿರುಳಿಗೆ ಸಂಬಂಧಿಸಿದ ಇನ್ನೊಂದು ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಊರವರ ಗುಟ್ಟೆಲ್ಲ ಕೈಗೆ ಸಿಗುವ ಉದ್ಯೋಗಕ್ಕೆ ಅರ್ಹರು ಯಾರು? ಆ ಅರ್ಹತೆ ಬರುವುದು ಎಲ್ಲಿಂದ?

ಈ ಕ್ಷೇತ್ರಕ್ಕೆ ದಾರಿ ತಪ್ಪಿ ಬಂದವರೆಂದೇ ಹೇಳಬಹುದಾದ ಒಬ್ಬರ ಕತೆಯಿಂದ ಆರಂಭಿಸೋಣ. ಕ್ಲಿಫರ್ಡ್ ಸ್ಟಾಲ್ ಅಮೆರಿಕದ ಖಗೋಳ ವಿಜ್ಞಾನಿ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ದೂರದರ್ಶಕದ ವಿನ್ಯಾಸದಲ್ಲಿ ತೊಡಗಿದ್ದರು. 1986ರಲ್ಲಿ ಅವರ ಸಂಶೋಧನೆಗೆ ಬರುತ್ತಿದ್ದ ಅನುದಾನ ಮುಗಿಯಿತು. ಕೆಲಸದಿಂದ ತೆಗೆಯುವ ಬದಲು ಅವರನ್ನು ಅದೇ ಸಂಸ್ಥೆಯ ಕಂಪ್ಯೂಟರ್ ವಿಭಾಗಕ್ಕೆ ಕಳಿಸಲಾಯಿತು. ಹೊಸಬನಿಗೆ ಕೊಟ್ಟ ಮೊದಲ ಕೆಲಸ ತೀರಾ ಸಣ್ಣದು. ಕಂಪ್ಯೂಟರ್ ಬಳಸಿದವರಿಂದ ವಸೂಲು ಮಾಡುವ ಲೆಕ್ಕದಲ್ಲಿ 75 ಸೆಂಟ್‌ಗಳ ವ್ಯತ್ಯಾಸ ಬಂದಿತ್ತು, ಅದನ್ನು ಹುಡುಕಬೇಕಿತ್ತು. ಮುಕ್ಕಾಲು ಡಾಲರಿಗಾಗಿ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಆದರೆ ನಕ್ಷತ್ರಗಳನ್ನು ಅಳೆದು ಅಭ್ಯಾಸವಾದವರಿಗೆ ಲೆಕ್ಕದಲ್ಲಿ ಬಂದ ಸಣ್ಣ ವ್ಯತ್ಯಾಸವೂ ಏನನ್ನೋ ಹೇಳುತ್ತಿರುತ್ತದೆ. ಸ್ಟಾಲ್ ಅದನ್ನು ಬಿಡಲಿಲ್ಲ. ಯಾರೋ ಹೊರಗಿನವರು ಹಣ ಕಟ್ಟದೆ, ಹೆಸರು ಬದಲಿಸಿ ಒಳಗೆ ಬಂದುಹೋಗುತ್ತಿದ್ದಾರೆಂಬುದು ತಿಳಿಯಿತು. ತಿಂಗಳುಗಟ್ಟಲೆ ಬೆನ್ನು ಹತ್ತಿದಾಗ ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರ ಮುಟ್ಟಿತು. ಅಲ್ಲಿನ ಮಾರ್ಕಸ್ ಹೆಸ್ ಎಂಬಾತ ಅಮೆರಿಕದ ಸೇನೆಯ ಕಂಪ್ಯೂಟರುಗಳನ್ನು ಜಾಲಾಡುತ್ತಿದ್ದ. ಸಿಕ್ಕ ಮಾಹಿತಿ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಮಾರಾಟವಾಗುತ್ತಿತ್ತು. ಸ್ಟಾಲ್ ಇದನ್ನೆಲ್ಲ ಬರೆದ ‘ದಿ ಕುಕೂಸ್ ಎಗ್’ 1989ರಲ್ಲಿ ಪ್ರಕಟವಾಯಿತು. ಹೊಸದಾಗಿ ಈ ಕ್ಷೇತ್ರಕ್ಕೆ ಬರುವವರ ಕೈಗೆ ಇಂದಿಗೂ ಕೊಡುವ ಪುಸ್ತಕ ಅದು.

ಈ ಕತೆಯನ್ನು ಪತ್ತೇದಾರಿಕೆಯ ಸಾಹಸವೆಂದು ಓದುವವರೇ ಹೆಚ್ಚು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರಲ್ಲಿನ ಒಂದು ವಾರಾಂತ್ಯದ ಸಂಗತಿ. ಕಳ್ಳ ಯಾವ ತಂತಿಯಲ್ಲಿ ಬರುತ್ತಾನೆಂದು ಗೊತ್ತಿಲ್ಲ. ಹಾಗಾಗಿ ಸ್ಟಾಲ್, ಶನಿವಾರ ಭಾನುವಾರ ಖಾಲಿಯಿದ್ದ ಕೋಣೆಗಳಿಂದ ಸಿಕ್ಕ ಯಂತ್ರಗಳನ್ನೆಲ್ಲ ತಂದು ಹೊರಗಿನಿಂದ ಬರುವ ಐವತ್ತು ತಂತಿಗಳಿಗೂ ಜೋಡಿಸಿದರು. ಯಾರು ಏನು ಟೈಪ್ ಮಾಡಿದರೂ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಕಳ್ಳ ಸಿಕ್ಕಿದ್ದು ಒಂದು ಯಂತ್ರದಲ್ಲಿ. ಉಳಿದ 49 ಯಂತ್ರಗಳ ಕಾಗದದಲ್ಲಿದ್ದುದು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದ ವಿಜ್ಞಾನಿಗಳ ಬರಹ. ತಮ್ಮ ಬೆರಳಿನ ಒಂದೊಂದು ಒತ್ತೂ ಅಚ್ಚಾಗುತ್ತಿದೆಯೆಂಬ ಅರಿವೇ ಅವರಿಗಿರಲಿಲ್ಲ. ಒಬ್ಬ ಕಳ್ಳನನ್ನು ಹಿಡಿಯಲು 49 ಮಂದಿ ನಿರಪರಾಧಿಗಳ ಕಾಗದ ಒಬ್ಬ ಮನುಷ್ಯನ ಕೈ ಸೇರಿತು.

ಆ 49 ಕಾಗದಗಳನ್ನು ಏನು ಮಾಡಬೇಕು? ಈ ಉದ್ಯೋಗದ ನೀತಿಯೆಲ್ಲ ಅಡಗಿರುವುದು ಇಲ್ಲಿ ಎಂದು ನನ್ನ ಅಭಿಪ್ರಾಯ. ಅಂದಿನ ಸ್ಟಾಲ್ ಅವರ ಸ್ಥಾನದಲ್ಲಿ ಇಂದು ಲಕ್ಷಾಂತರ ಜನ ದಿನದ ಮೂರು ಪಾಳಿಯಲ್ಲಿ ಕುಳಿತಿದ್ದಾರೆ. ಆಸ್ಪತ್ರೆಯ ದಾಖಲೆ, ಬ್ಯಾಂಕಿನ ವಹಿವಾಟು, ಕಚೇರಿಯ ಪತ್ರಗಳು ಅವರ ಕಣ್ಣೆದುರು ಹಾದುಹೋಗುತ್ತವೆ. ನೆರೆಮನೆಯವನ ಕಾಯಿಲೆ, ಹಳೆಯ ಗೆಳೆಯನ ಸಾಲ, ಮೇಲಧಿಕಾರಿಯ ಸಂಬಳ, ಎಲ್ಲವೂ ಅದರಲ್ಲಿರಬಹುದು. ನೋಡಿದರೆ ಯಾರಿಗೂ ತಿಳಿಯುವುದಿಲ್ಲ. ಯಾರಾದರೂ ನೋಡಿದರೇ ಎಂದು ಪರೀಕ್ಷಿಸುವ ಕೆಲಸವೂ ಹಲವೆಡೆ ಅವರದೇ.

ಇಲ್ಲಿ ಒಂದು ಪದದ ಮಾತು ಹೇಳಬೇಕೆನಿಸುತ್ತದೆ. ‘ಅಮಾನತು’ ಎಂದರೆ ಮೂಲದಲ್ಲಿ ನಂಬಿ ಒಪ್ಪಿಸಿದ ವಸ್ತು, ಕೇಳಿದಾಗ ಇದ್ದ ಹಾಗೆಯೇ ಮರಳಿಸಬೇಕಾದದ್ದು. ಅರಬಿಯಿಂದ ಹೊರಟು ಕನ್ನಡದ ಕಚೇರಿಗಳನ್ನು ಸೇರುವಷ್ಟರಲ್ಲಿ ಅದು ನೌಕರನನ್ನು ತಾತ್ಕಾಲಿಕವಾಗಿ ಕೆಲಸದಿಂದ ಹೊರಗಿಡುವುದಕ್ಕೆ ಹೆಸರಾಯಿತು. ನಂಬಿಕೆಯ ಪದವೊಂದು ನಂಬಿಕೆ ಮುರಿದವನ ಪಾಡನ್ನು ಹೇಳುವ ಪದವಾದದ್ದು ನಮ್ಮ ಕಚೇರಿಗಳ ಬಗ್ಗೆಯೂ ಏನನ್ನೋ ಹೇಳುತ್ತಿರಬಹುದು.

ಬೀಗ ಒಡೆಯುವ ವಿದ್ಯೆ ಕಲಿಯುವುದೇ ತಪ್ಪಲ್ಲವೇ ಎಂದು ಕೆಲವು ಹಿರಿಯರು ಕೇಳುವುದುಂಟು. ಇದಕ್ಕೆ ಕಾನೂನು ಕೊಡುವ ಉತ್ತರ ಸರಳ. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ‘ಅನುಮತಿ’ಯ ಮೇಲೆ ನಿಂತಿದೆ. ಕಂಪ್ಯೂಟರಿನ ಒಡೆಯ ಅಥವಾ ಅದರ ಹೊಣೆ ಹೊತ್ತವರ ಅನುಮತಿಯಿದ್ದರೆ ಅದು ಪರೀಕ್ಷೆ, ಇಲ್ಲದಿದ್ದರೆ ಅತಿಕ್ರಮಣ. ಒಳ್ಳೆಯ ಉದ್ದೇಶದಿಂದ ನೋಡಿದೆ ಎಂಬ ಸಮಜಾಯಿಷಿಗೆ ಆ ಸೆಕ್ಷನ್ ಪ್ರತ್ಯೇಕ ವಿನಾಯಿತಿ ಕೊಡುವುದಿಲ್ಲ. ಹೊಸದಾಗಿ ಕಲಿತ ಉತ್ಸಾಹದಲ್ಲಿ ಪರರ ವೆಬ್‌ಸೈಟಿನ ಬಾಗಿಲು ತಳ್ಳಿ ನೋಡುವವರು ಇದನ್ನು ಮೊದಲ ದಿನವೇ ತಿಳಿದಿರಬೇಕು.

ಆದರೆ ಅನುಮತಿ ಎಲ್ಲ ಪ್ರಶ್ನೆಗಳನ್ನೂ ಮುಗಿಸುವುದಿಲ್ಲ. ಆಸ್ಪತ್ರೆಯ ಆಡಳಿತ ಮಂಡಳಿ ಅನುಮತಿ ಕೊಟ್ಟಿದೆ, ಹೌದು. ಹಾಸಿಗೆಯಲ್ಲಿ ಮಲಗಿದ ರೋಗಿ ಕೊಟ್ಟಿದ್ದಾನೆಯೇ? ಅವನನ್ನು ಯಾರೂ ಕೇಳಿಲ್ಲ. ಒಮ್ಮೊಮ್ಮೆ ಅನುಮತಿ ಸರಕಾರದ್ದೇ ಆಗಿದ್ದೂ ಅನಾಹುತ ನಡೆಯುತ್ತದೆ. 2017ರ ಮೇ 12ರಂದು ‘ವಾನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶ ಜಗತ್ತಿನ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ತಪಾಸಣೆ, ಶಸ್ತ್ರಚಿಕಿತ್ಸೆಗಳು ರದ್ದಾದವು. ಅದು ನುಸುಳಿದ್ದು ವಿಂಡೋಸಿನಲ್ಲಿದ್ದ ಒಂದು ದೋಷದ ಮೂಲಕ. ಆ ದೋಷವನ್ನು ಬಳಸುವ ಉಪಾಯವನ್ನು ಕಂಡುಹಿಡಿದಿದ್ದು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ. ಅವರು ಅದನ್ನು ಮೈಕ್ರೋಸಾಫ್ಟಿಗೆ ಆಗಲೇ ತಿಳಿಸದೆ ತಮ್ಮ ಬೇಹುಗಾರಿಕೆಗೆಂದು ಗುಟ್ಟಾಗಿಟ್ಟುಕೊಂಡಿದ್ದರು. ಕೊನೆಗೆ ಆ ಗುಟ್ಟೂ ಕಳುವಾಗಿ ಬೀದಿಗೆ ಬಂತು. ಅದನ್ನು ಕಂಡುಹಿಡಿದ ತಂತ್ರಜ್ಞರು ಯಾವ ಕಾನೂನನ್ನೂ ಮುರಿದವರಲ್ಲ. ಸಂಬಳ ಪಡೆದು, ಹೇಳಿದ ಕೆಲಸ ಮಾಡಿದವರು.

ಆ ಪಿಡುಗನ್ನು ತಡೆದವನ ಕತೆ ಇನ್ನೂ ವಿಚಿತ್ರ. ಮಾರ್ಕಸ್ ಹಚಿನ್ಸ್ ಆಗ 22 ವರ್ಷದ ಇಂಗ್ಲಿಷ್ ಯುವಕ. ಆ ತಂತ್ರಾಂಶದೊಳಗಿದ್ದ, ಯಾರ ಹೆಸರಿನಲ್ಲೂ ಇಲ್ಲದ ಒಂದು ವೆಬ್ ವಿಳಾಸವನ್ನು ಸುಮಾರು ಹತ್ತು ಡಾಲರು ಕೊಟ್ಟು ನೋಂದಾಯಿಸಿದ, ಹರಡುವಿಕೆ ನಿಂತಿತು. ಜಗತ್ತು ಅವನನ್ನು ವೀರನೆಂದು ಕೊಂಡಾಡಿತು. ಮೂರೇ ತಿಂಗಳಲ್ಲಿ, ಆಗಸ್ಟ್‌ನಲ್ಲಿ, ಲಾಸ್ ವೇಗಸ್‌ನಲ್ಲಿ ಅವನ ಬಂಧನವಾಯಿತು. ಹದಿಹರೆಯದಲ್ಲಿ ಬ್ಯಾಂಕ್ ಖಾತೆಗಳ ಮಾಹಿತಿ ಕದಿಯುವ ‘ಕ್ರೋನೋಸ್’ ಎಂಬ ತಂತ್ರಾಂಶ ಬರೆದ ಆರೋಪ ಅವನ ಮೇಲಿತ್ತು. 2019ರಲ್ಲಿ ತಪ್ಪೊಪ್ಪಿಕೊಂಡ. ನ್ಯಾಯಾಧೀಶರು ಅವನನ್ನು ಮತ್ತೆ ಸೆರೆಮನೆಗೆ ಕಳಿಸದೆ, ಒಂದು ವರ್ಷದ ನಿಗಾವಣೆ ವಿಧಿಸಿ ಬಿಟ್ಟರು.

ಕಳ್ಳನಾಗಿದ್ದವನು ಕಾವಲುಗಾರನಾಗಬಹುದೇ? ಆಗಬಹುದು, ಆಗಬೇಕು ಕೂಡ. ಮನುಷ್ಯ ಬದಲಾಗಲಾರನೆಂದರೆ ಶಿಕ್ಷೆಗೂ ಅರ್ಥವಿಲ್ಲ, ಕ್ಷಮೆಗೂ ಅರ್ಥವಿಲ್ಲ. ನನ್ನ ತಕರಾರು ಬೇರೆ. ಒಡೆದವನೇ ಒಳ್ಳೆಯ ಕಾವಲುಗಾರ ಎಂಬ ನಂಬಿಕೆ ಈ ಉದ್ಯೋಗದ ಸುತ್ತ ಬೆಳೆದಿದೆ. ಹಾಗಿದ್ದರೆ ಇಪ್ಪತ್ತು ವರ್ಷ ನೇರವಾಗಿ ಬದುಕಿದ ಗುಮಾಸ್ತನಿಗೆ ತನ್ನ ಬಳಿ ಏನೂ ಇಲ್ಲವೆಂಬ ಕೀಳರಿಮೆ ಬರದೆ ಇದ್ದೀತೇ? ಕೆವಿನ್ ಮಿಟ್ನಿಕ್ ಅವರನ್ನೇ ನೋಡಿ. 1995ರಲ್ಲಿ ಬಂಧಿತರಾಗಿ, 2000ದಲ್ಲಿ ಬಿಡುಗಡೆಯಾಗಿ, 2023ರಲ್ಲಿ ತೀರಿಕೊಳ್ಳುವವರೆಗೆ ಸುರಕ್ಷಾ ಸಲಹೆಗಾರರಾಗಿ ಹೆಸರು ಮಾಡಿದರು. ಅವರ ದೊಡ್ಡ ಆಯುಧ ಕಂಪ್ಯೂಟರ್ ಜ್ಞಾನಕ್ಕಿಂತ ಹೆಚ್ಚಾಗಿ ಮಾತು. ಫೋನ್ ಮಾಡಿ, ನಾನು ನಿಮ್ಮದೇ ಕಚೇರಿಯವನೆಂದು ನಂಬಿಸಿ ಗುಟ್ಟು ಹೇಳಿಸುತ್ತಿದ್ದರು. ಇಂದು ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ನಿವೃತ್ತರ ಉಳಿತಾಯ ದೋಚುವವರದೂ ಅದೇ ಕಸುಬು. ಅಲ್ಲಿ ಒಡೆಯುವುದು ಮನುಷ್ಯನ ಭಯವನ್ನು. ವರ್ಷಗಟ್ಟಲೆ ಕೌಂಟರಿನ ಹಿಂದೆ ಕುಳಿತು ಹಣ ತೆಗೆಯಲು ಬಂದವರ ಮುಖ ನೋಡಿದ ಬ್ಯಾಂಕ್ ನೌಕರನಿಗೆ ಆ ಭಯದ ಪರಿಚಯ ಯಾವ ಇಂಜಿನಿಯರಿಗಿಂತಲೂ ಹೆಚ್ಚು.

ಹಳ್ಳಿಯ ಅಂಚೆಯವರನ್ನು ನೆನೆಯಿರಿ. ಅಕ್ಷರ ಬಾರದವರ ಮನೆಗೆ ಕಾಗದ ತಂದು, ಜಗಲಿಯಲ್ಲಿ ಕುಳಿತು ಅವರೇ ಓದಿ ಹೇಳುತ್ತಿದ್ದರು. ಮುಂಬಯಿಗೆ ಹೋದ ಮಗ ಹಣ ಕಳಿಸಲಿಲ್ಲವೆಂಬುದು, ಮಗಳ ಗಂಡನ ಮನೆಯ ಜಗಳ, ಎಲ್ಲವೂ ಅವರ ಬಾಯಿಂದಲೇ ಹೊರಬರಬೇಕು. ಮುಂದಿನ ಮನೆಯಲ್ಲಿ ಆ ಬಾಯಿ ಮುಚ್ಚಿರಬೇಕು. ಹಾಗಿಲ್ಲದವರೂ ಇದ್ದರು, ಅಂಥವರ ಕೈಯಲ್ಲಿ ಕಾಗದ ಓದಿಸಲು ಊರು ಹಿಂಜರಿಯುತ್ತಿತ್ತು. ಯಾವ ಪರೀಕ್ಷೆಯೂ ಅಳೆಯದ ಈ ಗುಣವನ್ನು ಊರು ತಾನಾಗಿ ಅಳೆಯುತ್ತಿತ್ತು. ಕಂಪ್ಯೂಟರಿನ ಮುಂದೆ ಕುಳಿತವನನ್ನು ಅಳೆಯಲು ಊರಿಗೆ ಅವನ ಪರಿಚಯವೇ ಇಲ್ಲ.

ಕೆಲಸ ಬದಲಿಸಿ ಬಂದವರ ಕಷ್ಟವೊಂದಿದೆ, ಅದನ್ನು ಮರೆಮಾಚಬಾರದು. ಕಂಪೆನಿಯಲ್ಲಿ ಗ್ರಾಹಕರ ಮಾಹಿತಿ ಸೋರಿದೆ ಎಂದುಕೊಳ್ಳಿ. ಭಾರತದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಇಂಥದನ್ನು ಆರು ಗಂಟೆಯೊಳಗೆ ಅದಕ್ಕೆ ವರದಿ ಮಾಡಬೇಕು. ಮಾಹಿತಿ ಸೋರಿದವರಿಗೂ ತಿಳಿಸಬೇಕೆಂದು 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಆದರೆ ಕೋಣೆಯೊಳಗೆ ಮೇಲಿನವರು, ಇದು ಅಷ್ಟು ದೊಡ್ಡದಲ್ಲ, ವರದಿಯಲ್ಲಿ ಆ ಸಾಲು ಬೇಡ ಎನ್ನುತ್ತಾರೆ. ಇಪ್ಪತ್ತೆರಡರ ಹುಡುಗ ಇಲ್ಲವೆಂದು ಎದ್ದು ಬರಬಹುದು. ನಲವತ್ತೈದರವನಿಗೆ ತರಬೇತಿಗೆಂದು ಮಾಡಿದ ಸಾಲವಿದೆ, ಮಗಳ ಕಾಲೇಜಿನ ಶುಲ್ಕವಿದೆ, ಹೊಸ ಉದ್ಯೋಗದಲ್ಲಿ ಇನ್ನೂ ಹೆಸರಿಲ್ಲ. ಆ ಸಾಲನ್ನು ಅಳಿಸಲು ಒಂದು ಗುಂಡಿ ಒತ್ತಿದರೆ ಸಾಕು. ಹಳೆಯ ಕೆಲಸ ಬಿಟ್ಟು ಬಂದಾಗ ಅವನು ಒಮ್ಮೆ ಬರಿಗೈಯಲ್ಲಿ ನಿಂತಿದ್ದಾನೆ, ಅದರಿಂದ ತಾನೇನೂ ಸಾಯಲಿಲ್ಲವೆಂಬುದು ಅವನಿಗೆ ಗೊತ್ತು. ಇಪ್ಪತ್ತೆರಡರ ಹುಡುಗನಿಗೆ ಅದು ಇನ್ನೂ ಗೊತ್ತಿಲ್ಲ. ಆದರೂ ಸಾಲದ ಕಂತು ಪ್ರತಿ ತಿಂಗಳ ಐದನೇ ತಾರೀಖಿಗೆ ಬರುತ್ತದೆ.