ನಿದ್ರಾರೂಪಿಣಿಗೆ ನಮಸ್ಕಾರ

ನವರಾತ್ರಿಯಲ್ಲಿ ಸಪ್ತಶತಿಯ ಪಾರಾಯಣ ಕೇಳುವ ಭಕ್ತರು 5ನೆಯ ಅಧ್ಯಾಯದಲ್ಲಿ ಕ್ಷಣಕಾಲ ನಿಂತು ಮನನ ಮಾಡಬೇಕು. ಜಗನ್ಮಾತೆಯನ್ನು ಬುದ್ಧಿಯಾಗಿ, ಶಕ್ತಿಯಾಗಿ, ದಯೆಯಾಗಿ ಸ್ತುತಿಸುವ ದೇವತೆಗಳು, ಸಕಲ ಪ್ರಾಣಿಗಳಲ್ಲಿ ನಿದ್ರೆಯಾಗಿ ನೆಲಸಿರುವವಳೂ ಅವಳೇ ಎಂದು ಕೈಮುಗಿಯುತ್ತಾರೆ. ಸೋಮಾರಿತನದ ಗುರುತೆಂದು ಲೋಕವು ಹಳಿಯುವ ನಿದ್ರೆಗೆ ಅಲ್ಲಿ ದೇವಿಯ ಸ್ಥಾನವೇ ದೊರೆತಿದೆ.

ಟಿಟ್ವಾಳಾದಲ್ಲಿ ನೆಲಸಿದ ಕನ್ನಡಿಗರಿಗೆ ಈ ದೇವಿಯ ದರ್ಶನ ಸುಲಭವಲ್ಲ. ಕಣ್ವರು ಶಕುಂತಲೆಗೆ ಗಣೇಶಾರಾಧನೆಯನ್ನು ಉಪದೇಶಿಸಿದರೆಂದು ಸ್ಥಳಪುರಾಣ ಸಾರುವ ಮಹಾಗಣಪತಿಯ ಸನ್ನಿಧಿ ಮನೆಗೆ ಹತ್ತಿರವಿದೆ; ಉದ್ಯೋಗವಾದರೋ ಅನೇಕರಿಗೆ 60 ಕಿಲೋಮೀಟರಿಗೂ ಆಚೆ, ಮುಂಬಯಿಯ ಕೋಟೆ ಭಾಗದಲ್ಲಿ. ನಸುಕಿನ ಲೋಕಲ್ ತಪ್ಪೀತೆಂಬ ಅಂಜಿಕೆಯಿಂದ ಗೃಹಸ್ಥನು ರಾತ್ರಿ ಎರಡಕ್ಕೆ ಗಡಿಯಾರ ನೋಡುತ್ತಾನೆ. ಇನ್ನೆರಡೇ ಗಂಟೆ ಉಳಿಯಿತೆಂದು ಲೆಕ್ಕ ಹಾಕುತ್ತಾನೆ. ಅದೇ ಪುರುಷನು ಗಾಡಿ ಠಾಣೆ ಮುಟ್ಟುವ ಮೊದಲೇ ನೆರೆಯವನ ಭುಜಕ್ಕೊರಗಿ ಗಾಢನಿದ್ರೆಯಲ್ಲಿರುತ್ತಾನೆ! ಅಲ್ಲಿ ಅವನು ಅವಳನ್ನು ಬಲವಂತದಿಂದ ಕರೆಯಲಿಲ್ಲ. ಅವಳು ತಾನಾಗಿ ಬಂದಳು.

ಚರಕಸಂಹಿತೆಯ ಸೂತ್ರಸ್ಥಾನ, 21ನೆಯ ಅಧ್ಯಾಯದಲ್ಲಿ, ನಿದ್ರೆ ಬಾರದವರಿಗೆ ಅಭ್ಯಂಗ, ಸ್ನಾನ, ಹಾಲು, ತುಪ್ಪ, ಮೈ ಒತ್ತಿಸಿಕೊಳ್ಳುವುದು, ಹಿತವಾದ ಗಂಧ ಮತ್ತು ಧ್ವನಿಗಳನ್ನು ವಿಧಿಸುತ್ತದೆ. ಮೊಸರು ಕಲಸಿದ ಅನ್ನವೂ ಅಲ್ಲಿದೆಯೆಂದು ತಿಳಿದು ಕನ್ನಡಿಗರು ಹಿಗ್ಗಬಹುದು. ಇಂದಿನ ವೈದ್ಯರ ಮಾತೂ ಇದಕ್ಕೆ ಬಹಳ ದೂರವಿಲ್ಲ: ಸಂಜೆಯ ನಂತರ ಚಹಾ ಬೇಡ, ಮೊಬೈಲು ಹಾಸಿಗೆಯ ಬಳಿ ಬೇಡ, ಭಾನುವಾರವೂ ಏಳುವ ವೇಳೆ ಬದಲಾಗಬಾರದು.

ಶಯನಕಾಲದಲ್ಲಿ ಗಡಿಯಾರವನ್ನು ಗೋಡೆಗೆ ತಿರುಗಿಸಿಟ್ಟು, ಪಾದಗಳಿಂದ ಮೊದಲುಮಾಡಿ ಮೀನಖಂಡ, ತೊಡೆ, ಉದರ, ಭುಜ, ಕಡೆಗೆ ದವಡೆ ಹುಬ್ಬುಗಳವರೆಗೆ ಒಂದೊಂದೇ ಅಂಗದ ಬಿಗಿಯನ್ನು ಸಡಿಲಿಸಬೇಕು. ಎಳೆದುಕೊಂಡ ಉಸಿರಿಗಿಂತ ಬಿಡುವ ಉಸಿರು ನೀಳವಾಗಿರಲಿ. ಬಿಡುವಾಗಲೆಲ್ಲ ಇಷ್ಟದೈವದ ನಾಮವೊಂದು ಮನಸ್ಸಿನಲ್ಲಿ ಸುಳಿಯಲಿ. ಎಣಿಕೆ ಬೇಡ; ಎಣಿಸತೊಡಗಿದರೆ ಜಪವೂ ಕಚೇರಿಯ ಲೆಕ್ಕಪತ್ರವಾಗುತ್ತದೆ. ಸುಮಾರು 20 ನಿಮಿಷವಾದರೂ ನಿದ್ರೆ ಬಾರದಿದ್ದರೆ ಹೊರಳಾಡದೆ ಎದ್ದು, ಮಂದಬೆಳಕಿನಲ್ಲಿ ಸುಮ್ಮನೆ ಕುಳಿತು, ತೂಕಡಿಕೆ ಬಂದಾಗ ಮರಳಿ ಮಲಗುವುದು ಲೇಸು. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗೆಯೇ ಕಳೆದರೆ ವೈದ್ಯರನ್ನು ಕಾಣತಕ್ಕದ್ದು. ಅದರಿಂದ ಭಕ್ತಿಗೆ ಕುಂದೇನೂ ಬಾರದು.

ಆದರೆ ಈ ಯಾವ ಉಪಾಯವೂ ನಾಟದ ಜಾಗರಣೆಯೊಂದುಂಟು. ಮಹಾಭಾರತದ ಉದ್ಯೋಗಪರ್ವದಲ್ಲಿ ಅದಕ್ಕೆಂದೇ ಪ್ರಜಾಗರಪರ್ವವೆಂಬ ಭಾಗವಿದೆ. ಸಂಜಯನು ಪಾಂಡವರ ಬಳಿಯಿಂದ ಮರಳಿದ ರಾತ್ರಿ ಧೃತರಾಷ್ಟ್ರನಿಗೆ ನಿದ್ರೆಯಿಲ್ಲ; ಮೈಯೆಲ್ಲ ಉರಿ. ಕರೆಸಿಕೊಂಡ ವಿದುರನು ಔಷಧವನ್ನು ಹೇಳಲಿಲ್ಲ. ನಿದ್ರೆಗೆಡುವವರು ಯಾರು ಯಾರೆಂದು ಹೇಳಿ, ಪರರ ಸೊತ್ತಿನ ಮೇಲಣ ಆಸೆ ನಿನ್ನನ್ನು ಸುಡುತ್ತಿಲ್ಲವಷ್ಟೆ ಎಂದು ಕೇಳಿದನು. ಊರಿನ ಹಿರಿಯರ ಮನೆಯಲ್ಲಿ ತಮ್ಮನಿಗೆ ಸಲ್ಲಬೇಕಾದ ಪಾಲನ್ನು ತಡೆಹಿಡಿದು, ಇತ್ತ ಬಾಡಿಗೆಯ ಕೋಣೆಯಲ್ಲೋ ಸ್ವಂತ ಫ್ಲ್ಯಾಟಿನಲ್ಲೋ ಸೂರು ನೋಡುತ್ತ ಮಲಗಿದವನಿಗೂ ಈ ಪ್ರಶ್ನೆ ತಪ್ಪಿದ್ದಲ್ಲ.

ಪಾಂಡವರ ಭಾಗವನ್ನು ಅವರಿಗೆ ಕೊಡು ಎಂದು ವಿದುರನು ಬಗೆಬಗೆಯಾಗಿ ಬೋಧಿಸಿದನು. ಅರಸನು ಎಲ್ಲವನ್ನೂ ಕೇಳಿದನು, ಒಪ್ಪಿದನು ಕೂಡ. ದುರ್ಯೋಧನನನ್ನು ಕಂಡೊಡನೆ ತನ್ನ ಬುದ್ಧಿ ಪುನಃ ಹಿಂದಕ್ಕೆ ತಿರುಗುವುದೆಂದೂ ಅವನೇ ನುಡಿದನು. ಮಾತು ಸನತ್ಸುಜಾತರ ಉಪದೇಶಕ್ಕೆ ಹೊರಳಿತು. ಬೆಳಗಾಯಿತು, ಧೃತರಾಷ್ಟ್ರನು ಕಣ್ಣೆವೆ ಮುಚ್ಚದೆಯೇ ಸಭೆಗೆ ನಡೆದನು.