ಬಲ್ಲವನು ತಿರುಗಿ ಶಿಷ್ಯನಾಗುವ ವಿಷಯ



ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯದ ಕಡೆಯಲ್ಲಿ ಅಪೊಲ್ಲೋಸನೆಂಬವನ ಸಂಗತಿಯುಂಟು. ಅವನು ಮಾತುಬಲ್ಲವನು, ಶಾಸ್ತ್ರಗಳನ್ನು ಚೆನ್ನಾಗಿ ಓದಿಕೊಂಡವನು. ಆದರೂ ಗುಡಾರ ಮಾಡುವ ಕಸುಬಿನವರಾದ ಪ್ರಿಸ್ಕಿಲ್ಲಳೂ ಅಕ್ವಿಲನೂ ಅವನನ್ನು ಕರೆದುಕೊಂಡು, ಅವನಿಗೆ ತಿಳಿಯದೆ ಇದ್ದದ್ದನ್ನು ತಿಳಿಸಿದಾಗ ಅವನು ಸಿಟ್ಟುಗೊಂಡನೆಂದು ಬರೆದಿಲ್ಲ. ಇದನ್ನು ನಾವು ಅನೇಕಾವರ್ತಿ ಬೋಧಿಸಿದ್ದೆವು. ಆದರೆ ನಾಲ್ವತ್ತನೆಯ ವಯಸ್ಸಿನಲ್ಲಿ ಆರು ತಂತಿಗಳ ಗಿಟಾರ್ ನಮ್ಮ ಕೈಗೆ ಬರುವ ತನಕ ಅದರ ಅರ್ಥವು ನಮ್ಮ ಹೃದಯಕ್ಕೆ ಇಳಿಯಲಿಲ್ಲ.

ಸೆಮಿನರಿಯಲ್ಲಿ ಓದುತ್ತಿದ್ದಾಗ ನಾವು ಪಿಯಾನೋ ಕಲಿತೆವು. ಆ ಮೇಲೆ ಸುಮಾರು ಇಪ್ಪತ್ತು ವರುಷ ಆದಿತ್ಯವಾರದ ಆರಾಧನೆಯಲ್ಲಿ ಅದನ್ನು ನುಡಿಸುತ್ತಾ ಬಂದೆವು; ಜನರು ಹೊಗಳುತ್ತಿದ್ದರು, ನಮಗೂ ಅದು ಹಿತವಾಗಿತ್ತು. ಹೀಗಿರಲಾಗಿ, ಹಳ್ಳದ ಆಚೆಯ ಕೇರಿಯಲ್ಲಿ ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿಯು, "ಅಯ್ಯನವರೇ, ವಾದ್ಯದ ಸಂಗಡ ಹಾಡು ಕೇಳಿ ವರುಷವಾಯಿತು. ಅದನ್ನು ಇಲ್ಲಿಗೆ ತರುವದಕ್ಕೆ ಆಗುವದಿಲ್ಲವೋ?" ಎಂದು ಕೇಳಿದಳು. ನಾಲ್ಕು ಆಳುಗಳು ಕೂಡಿದರೂ ಪಿಯಾನೋವನ್ನು ಹೊತ್ತು ಹಳ್ಳ ದಾಟಿಸಲಾರರು. ನಮ್ಮ ಸಭೆಯ ಒಬ್ಬ ಹುಡುಗನ ಬಳಿಯಲ್ಲಿ ಗಿಟಾರ್ ಇತ್ತು. ಅವನು ಕಾಲೇಜಿಗಾಗಿ ಪಟ್ಟಣದಲ್ಲಿದ್ದು ಆದಿತ್ಯವಾರ ಮಾತ್ರ ಊರಿಗೆ ಬರುವವನು. ಅದನ್ನು ನಮ್ಮಲ್ಲಿ ಬಿಟ್ಟುಹೋಗುವದಕ್ಕೂ ವಾರಕ್ಕೊಮ್ಮೆ ಕಲಿಸುವದಕ್ಕೂ ಅವನು ಸಂತೋಷದಿಂದ ಒಪ್ಪಿದನು.

ಸ್ವರವನ್ನು ಬಲ್ಲವನಿಗೆ ಇದು ಎಷ್ಟರ ಕೆಲಸವೆಂದು ನಾವು ನೆನಸಿದೆವು. ಆದರೆ ಪಿಯಾನೋದ 88 ಕೀಗಳಲ್ಲಿ ಪ್ರತಿಯೊಂದು ಸ್ವರಕ್ಕೆ ಒಂದೇ ಸ್ಥಳ. ಕೀಯನ್ನು ಒತ್ತಿದರೆ ಒಳಗಿನ ಸುತ್ತಿಗೆಯು ತಂತಿಯನ್ನು ಬಡಿಯುವದು, ಬೆರಳು ತಂತಿಯನ್ನು ಮುಟ್ಟುವದೇ ಇಲ್ಲ. ಗಿಟಾರಿನಲ್ಲಾದರೋ ಅತಿ ಸಣ್ಣ ತಂತಿಯನ್ನು ಒತ್ತದೆ ಮೀಟಿದಾಗ ಬರುವ ಸ್ವರವೇ ಎರಡನೆಯ ತಂತಿಯ ಐದನೆಯ ಮನೆಯಲ್ಲಿಯೂ ಮೂರನೆಯ ತಂತಿಯ ಒಂಭತ್ತನೆಯ ಮನೆಯಲ್ಲಿಯೂ ದೊರಕುತ್ತದೆ. ಎಡಗೈ ಒತ್ತಬೇಕು, ಬಲಗೈ ಮೀಟಬೇಕು. ಎಫ್ ಎಂಬ ಸ್ವರಮೇಳವನ್ನು ಪಿಯಾನೋದ ಮೂರು ಬಿಳೀ ಕೀಗಳಲ್ಲಿ ಮಗುವೂ ಮೊದಲ ದಿನವೇ ನುಡಿಸಬಲ್ಲದು. ಗಿಟಾರಿನಲ್ಲಿ ಅದಕ್ಕಾಗಿ ತೋರುಬೆರಳನ್ನು ಆರು ತಂತಿಗಳ ಮೇಲೂ ಅಡ್ಡಲಾಗಿಟ್ಟು ಅದುಮಬೇಕು. ಉಕ್ಕಿನ ತಂತಿಗಳು ನಮ್ಮ ಬೆರಳ ತುದಿಗಳನ್ನು ಕೊಯ್ದಂತೆ ನೋಯಿಸಿದವು.

ಆ ನೋವಿಗಿಂತ ನಾಚಿಕೆಯು ದೊಡ್ಡದಾಗಿತ್ತು. ಏನೂ ಅರಿಯದ ಮಗುವಿಗೆ ತನ್ನ ತಪ್ಪು ಅಷ್ಟಾಗಿ ಕೇಳಿಸುವದಿಲ್ಲ. ನಮ್ಮ ಕಿವಿಯಾದರೋ ಇಪ್ಪತ್ತು ವರುಷ ಪಳಗಿದ್ದರಿಂದ ಪ್ರತಿಯೊಂದು ಅಪಸ್ವರವನ್ನೂ ಕೇಳಿತು, ಬೆರಳುಗಳು ಅದನ್ನು ತಿದ್ದಲಾರದೆ ಹೋದವು. ಹುಡುಗನು, "ಅಯ್ಯನವರೇ, ಪಿಯಾನೋದ ಮೇಲೆ ಇಡುವ ಹಾಗೆ ಕೈಯನ್ನು ಇಡಬೇಡಿರಿ" ಎಂದು ವಿನಯದಿಂದಲೇ ಹೇಳಿದನು. ಆದರೂ ಆ ಮಾತು ನಮಗೆ ಮುಳ್ಳಾಯಿತು. ನಾವು ಗಿಟಾರನ್ನು ಮೂಲೆಯಲ್ಲಿಟ್ಟು, ಕೆಲಸ ಬಹಳವಿದೆಯೆಂದು ನೆವ ಹೇಳಿ, ಮೂರು ವಾರ ಅದನ್ನು ಮುಟ್ಟಲಿಲ್ಲ.

ಅದು ಕ್ರಿಸ್ಮಸ್ ಸಮೀಪಿಸಿದ ಕಾಲ. ಶಾಂತರಾತ್ರಿಯ ಗೀತೆಯ ಹುಟ್ಟನ್ನು ಕುರಿತು ಸಭೆಗೆ ಹೇಳುವದಕ್ಕೆ ನಾವು ಸಿದ್ಧಮಾಡುತ್ತಿದ್ದೆವು. 1818ನೆಯ ಇಸವಿಯ ದಶಂಬರ 24ರಂದು ಆಸ್ಟ್ರಿಯ ದೇಶದ ಓಬರ್ನ್‌ಡಾರ್ಫ್ ಎಂಬ ಊರಿನ ದೇವಾಲಯದಲ್ಲಿ ಅದನ್ನು ಮೊದಲಾಗಿ ಹಾಡಿದರು. ಪದಗಳನ್ನು ರಚಿಸಿದವನು ಯೋಸೆಫ್ ಮೋರ್ ಎಂಬ ಸಹಾಯಕ ಯಾಜಕನು. ರಾಗ ಕಟ್ಟಿದವನು ಫ್ರಾಂಟ್ಸ್ ಗ್ರೂಬರ್ ಎಂಬ ಶಾಲಾ ಉಪಾಧ್ಯಾಯನು. ಗ್ರೂಬರನು ಆ ದೇವಾಲಯದಲ್ಲಿ ಆರ್ಗನ್ ನುಡಿಸುವವನಾಗಿದ್ದನು. ಆದರೂ ಮೋರನು ಗಿಟಾರಿಗೆ ಹೊಂದುವ ರಾಗವನ್ನು ಕೇಳಿದಾಗ ಅದನ್ನೇ ಕಟ್ಟಿಕೊಟ್ಟನು; ಮೋರನು ಗಿಟಾರ್ ನುಡಿಸುತ್ತಾ ಹಾಡುವಾಗ ಇವನು ಅವನೊಂದಿಗೆ ತಗ್ಗಿನ ಧ್ವನಿಯಲ್ಲಿ ಹಾಡಿದನು. ಇದನ್ನು ಓದಿದಾಗ ಮೂಲೆಯಲ್ಲಿದ್ದ ಗಿಟಾರ್ ನಮ್ಮನ್ನು ಗದರಿಸಿದಂತಾಯಿತು.

ಅಂದಿನಿಂದ ದಿನಕ್ಕೆ ಕಾಲುಗಂಟೆ ಕೂತೆವು. ನಮಗೆ ಗೊತ್ತಿದ್ದದ್ದು ವ್ಯರ್ಥವಾಗಲಿಲ್ಲ. ತಾಳವೂ ಸ್ವರಮೇಳಗಳ ಕ್ರಮವೂ ನೆರವಾದವು. ಕೈಗಳು ಮಾತ್ರ ಮೊದಲಿನಿಂದ ಕಲಿಯಬೇಕಾಯಿತು. ಮೇಳಿ ಹಿಡಿದ ನಿಮ್ಮ ಅಂಗೈಗಳಂತೆ ನಮ್ಮ ಬೆರಳ ತುದಿಗಳು ಕೆಲವು ವಾರಗಳಲ್ಲಿ ಜಡ್ಡುಗಟ್ಟಿದವು, ನೋವು ಹೋಯಿತು. ಕ್ರಿಸ್ಮಸ್ ಕಳೆದ ಮೇಲೆ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಹಳ್ಳ ದಾಟಿದೆವು. ಮೂರೇ ಸ್ವರಮೇಳಗಳನ್ನು ನುಡಿಸಿದೆವು. ಎಫ್ ಬಂದಾಗಲೆಲ್ಲಾ ತಂತಿಯು ಗುಂಯ್ಗುಟ್ಟಿತು. ಅಜ್ಜಿಯು ಅದನ್ನು ಗಣಿಸಲಿಲ್ಲ. ಕಣ್ಣು ಮುಚ್ಚಿ, ಹಲ್ಲಿಲ್ಲದ ಬಾಯಿಂದ, ಎಲ್ಲಾ ಚರಣಗಳನ್ನು ನಮ್ಮೊಂದಿಗೆ ಹಾಡಿದಳು. ಹೀಗೆ ನಾಲ್ಕಾವರ್ತಿ ಹೋದೆವು. ಐದನೆಯ ಸಲ ಹೋದದ್ದು ಆಕೆಯನ್ನು ಸಮಾಧಿಮಾಡುವದಕ್ಕಾಗಿ.

ಪ್ರಿಯರೇ, ಆ ಮೂರು ವಾರಗಳನ್ನು ನಾವು ಮರೆಯಲಾರೆವು. ನಾಚಿದವರು ನಾವು, ನಷ್ಟವಾದದ್ದು ಆಕೆಗೆ. ನಮ್ಮ ಗೌರವವನ್ನು ಕಾಯುವದಕ್ಕಾಗಿ ಆಕೆಯ ಪಾಲಿನ ಹಾಡನ್ನು ನಾವು ಹಿಡಿದಿಟ್ಟೆವು.

ನಿಮ್ಮಲ್ಲಿಯೂ ಮೊಮ್ಮಗಳ ಮುಂದೆ ಅಕ್ಷರ ತಪ್ಪೀತೆಂದು ಸತ್ಯವೇದವನ್ನು ಓದಲು ಕಲಿಯದ ತಂದೆಗಳಿದ್ದಾರೆ. ಬಹಳ ಕಾಲದಿಂದ ಹಿರಿಯರಾಗಿದ್ದು, ಕಿರಿಯರ ಬಾಯಿಂದ ಬುದ್ಧಿಮಾತು ಬಂದರೆ ಮುಖ ತಿರುಗಿಸುವವರಿದ್ದಾರೆ. ನಿಮ್ಮ ನಾಚಿಕೆಗೆ ಬೆಲೆ ಕೊಡುವವರು ಯಾರೆಂದು ವಿಚಾರಿಸಿಕೊಳ್ಳಿರಿ. ಸ್ವಾಮಿಯು ಶಿಷ್ಯರ ನಡುವೆ ಒಂದು ಚಿಕ್ಕ ಮಗುವನ್ನು ನಿಲ್ಲಿಸಿದ್ದು ನಮ್ಮಂಥ ಬಲ್ಲವರಿಗಾಗಿಯೇ.

ಇನ್ನೊಂದು ಮಾತು. ಪಿಯಾನೋವನ್ನು ಶ್ರುತಿಮಾಡುವವನು ವರುಷಕ್ಕೊಂದೆರಡು ಸಲ ಬಂದರೆ ಸಾಕು; ಗಿಟಾರನ್ನು ನುಡಿಸುವವನೇ, ಕೈಗೆ ತಕ್ಕೊಂಡಾಗಲೆಲ್ಲಾ, ಬಿರಡೆ ತಿರುಗಿಸಿ ಶ್ರುತಿ ನೋಡಿಕೊಳ್ಳಬೇಕು. ನಮ್ಮ ಹೃದಯವೂ ಹಾಗೆಯೇ ರಾತ್ರಿಯೊಳಗೆ ಸಡಿಲಾಗುವಂಥದ್ದು. ಆದಕಾರಣ ಪ್ರತಿದಿನ ಬೆಳಿಗ್ಗೆ ಅದನ್ನು ಕರ್ತನ ಮುಂದಿಟ್ಟು, ಇಂದು ಯಾರಿಂದ ಏನನ್ನು ಕಲಿಯಬೇಕೆಂದು ಕೇಳೋಣ. ಕಲಿಸುವವನು ಹುಡುಗನಾಗಿದ್ದರೂ ಎದ್ದು ಅವನ ಬಳಿಗೆ ಹೋಗೋಣ; ಹಳ್ಳದ ಆಚೆಯಲ್ಲಿ ಕಾದಿರುವವರಿಗೆ ಬಹಳ ದಿನಗಳಿರಲಿಕ್ಕಿಲ್ಲ. ಆಮೆನ್.